ಹೈಸ್ಕೂಲು ಮಕ್ಕಳ ಗೋಳು: ಅಳೆಯುವುದು ಹೇಗೆ?

(ಗಿರಣಿ ಕಾರ್ಮಿಕರ ಸಂಘದ ಅಂಗಳದಲ್ಲಿ ಕಳೆದ ಭಾನುವಾರ ಸಂಜೆ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಮೊದಲನೆಯ ಪಾಳಿ ಮುಗಿಸಿ ಮನೆಗೆ ಹೋಗದೆ ನೇರವಾಗಿ ಬಂದವರು ಇಲ್ಲಿದ್ದೀರಿ. ಅಂಗಡಿಯ ಬಾಗಿಲು ಒಂದು ಗಂಟೆ ಮುಂಚೆ ಎಳೆದು ಬಂದವರೂ ಇದ್ದೀರಿ. ಆದುದರಿಂದ ಪೀಠಿಕೆ ಬೆಳೆಸುವುದಿಲ್ಲ. ಬೋನಸ್ಸಿನ ಮಾತು ಇವತ್ತು ಬೇಡ. ಅದಕ್ಕೆ ಬೇರೆ ಸಭೆ ಕರೆದಿದೆ. ಇವತ್ತಿನ ಮಾತು ನಮ್ಮ ಮಕ್ಕಳದು. ಎಂಟು, ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಓದುತ್ತಿರುವ ಮಕ್ಕಳು ಶಾಲೆಯೊಳಗೆ ತಮ್ಮ ಓರಗೆಯವರಿಂದಲೇ ಪಡುವ ಪಾಡು ಎಷ್ಟು, ಅದನ್ನು ತಿಳಿಯುವ ಬಗೆ ಯಾವುದು ಎಂಬುದೇ ಪ್ರಶ್ನೆ.

ಹೆಡ್ಮಾಸ್ತರನ್ನು ಕೇಳಿದರೆ “ನಮ್ಮಲ್ಲಿ ಅಂಥಾದ್ದೇನೂ ಇಲ್ಲ” ಎನ್ನುತ್ತಾರೆ. ತಾಯಂದಿರನ್ನು ಕೇಳಿದರೆ “ದಿನಾ ಇದೇ ಗೋಳು ಕಣ್ರೀ” ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿದ್ದಾರೆಂದು ನಾನು ಅನ್ನುವುದಿಲ್ಲ. ಇಬ್ಬರೂ ಅಳೆದು ನೋಡಿಲ್ಲ, ಅಷ್ಟೆ.

ಗಿರಣಿಯಲ್ಲಿ ಅಪಘಾತದ ರಿಜಿಸ್ಟರು ಎಂಬುದೊಂದು ಇರುತ್ತದೆ. ಅದನ್ನು ತುಂಬುವವರು ಆಫೀಸಿನವರು. ಪುಟ ತಿರುವಿದರೆ ತಿಂಗಳುಗಟ್ಟಲೆ ‘ಇಲ್ಲ’, ‘ಇಲ್ಲ’ ಎಂದಿರುವುದುಂಟು. ಖಾತೆಯೊಳಗೆ ಹೋಗಿ “ಕೈ ತೋರಿಸ್ರಪ್ಪಾ” ಎಂದು ಕೇಳಿ ನೋಡಿ. ಬೆರಳಿನ ತುದಿ ಹೋದವರು ಎಷ್ಟು ಮಂದಿ ಸಿಗುತ್ತಾರೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನೋವು ಯಾರದೋ ಅವರನ್ನೇ ಕೇಳಬೇಕು ಎಂಬುದನ್ನು ನಾವು ಇಲ್ಲಿ ಕಲಿತಿದ್ದೇವೆ. ಮಕ್ಕಳ ವಿಷಯದಲ್ಲಿಯೂ ಅದೇ. ಆದರೆ ಕೇಳುವುದೆಂದರೆ ಬಾಯಿಗೆ ಬಂದಂತೆ ಕೇಳುವುದಲ್ಲ. ಕೆಟ್ಟದಾಗಿ ಕೇಳಿದರೆ ಕೇಳದೆ ಇದ್ದದ್ದಕ್ಕಿಂತ ಹೆಚ್ಚು ಕೆಡುಕಾಗುತ್ತದೆ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ, ಮಾಡಿ ಕೆಟ್ಟವನಾಗಿ ಹೇಳುತ್ತಿದ್ದೇನೆ.

ನಾನು ಮೇಷ್ಟರಾಗಿದ್ದ ಕಾಲದ ಸಂಗತಿ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆ ಹತ್ತಿ ಜಿನ್ನಿಂಗಿನಲ್ಲಿ ಬದಲಿ ಕೆಲಸದವರು. ಹುಡುಗನೂ ರಜಾದಿನ ಅಲ್ಲಿಗೆ ಹೋಗಿ ಬರುತ್ತಿದ್ದ. ಸೋಮವಾರ ಬರುವಾಗ ಎಷ್ಟು ಬಾಚಿದರೂ ತಲೆಯಲ್ಲಿ ಹತ್ತಿಯ ಎಳೆ ಉಳಿದಿರುತ್ತಿತ್ತು. ಹುಡುಗರು ಅವನಿಗೆ ‘ಅರಳೆ’ ಎಂದು ಹೆಸರಿಟ್ಟರು. ಮೊದಮೊದಲು ಬರೀ ಹೆಸರು. ಆಮೇಲೆ ಊದುವುದು, ಅವನು ಪಕ್ಕದಲ್ಲಿ ಹಾದುಹೋದರೆ ‘ಫೂ’ ಎಂದು ಊದುವುದು. ಆಮೇಲೆ ಬುತ್ತಿಯ ಡಬ್ಬಿ ಮಾಯ. ಆಮೇಲೆ ಬೆಂಚಿನಲ್ಲಿ ಅವನಿಗೆ ಜಾಗ ಇಲ್ಲ. ಇವುಗಳಲ್ಲಿ ಎಷ್ಟೋ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೆಸರು ಮಾತ್ರ. ಒಂದು ದಿನ ಹಾಜರಿ ಕೂಗುವಾಗ ನಾನೇ, “ಎಲ್ಲಿ, ಅರಳೆ ಬಂದಿದ್ದಾನೇನೋ?” ಎಂದೆ. ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ. ಅವನೂ ನಕ್ಕನಲ್ಲ ಎಂದು ನಾನು ಅದನ್ನು ಅಲ್ಲಿಗೇ ಮರೆತೆ.

ಆ ವರ್ಷ ಇನ್ನೊಂದು ತರಗತಿಯಲ್ಲಿ ಒಂದು ಹೊಡೆದಾಟ ಆಗಿ ಮಾತು ಹೊರಗೆ ಬಂತು. ಆಗ ನಾನು ಬಹಳ ಜಾಣನೆಂದುಕೊಂಡು ನನ್ನ ತರಗತಿಗೆ ಚೀಟಿ ಹಂಚಿದೆ. ಒಂದೇ ಪ್ರಶ್ನೆ: “ನಿನಗೆ ಶಾಲೆಯಲ್ಲಿ ಯಾರಾದರೂ ಹಿಂಸೆ ಕೊಡುತ್ತಾರೆಯೇ?” ಹೆಸರು ಬರೆಯಬೇಡಿ ಎಂದೆ. ಮಾನಿಟರು ಚೀಟಿ ಕೂಡಿಸಿ ತಂದುಕೊಟ್ಟ. ಎಲ್ಲ ಚೀಟಿಯಲ್ಲೂ ‘ಇಲ್ಲ’. ಅರಳೆಯ ಅಕ್ಷರ ನನಗೆ ಗುರುತಿತ್ತು, ಅವನದೂ ‘ಇಲ್ಲ’. ಹೆಡ್ಮಾಸ್ತರು ಸಂತೋಷಪಟ್ಟರು. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಮನೆಗೆ ಹೋದೆ. ತಾಯಿ ಹೇಳಿದರು: “ಹೋಗಲ್ಲ ಅಂತಾನೆ ಮೇಷ್ಟ್ರೇ. ಯಾಕೆ ಅಂದ್ರೆ ಬಾಯಿ ಬಿಡಲ್ಲ.” ಅವನು ಒಳಗಿದ್ದ, ಹೊರಗೆ ಬರಲಿಲ್ಲ. ಡಬ್ಬಿಯ ಕಥೆ, ಊದುವ ಕಥೆ ಎಲ್ಲ ಆಮೇಲೆ ಬೇರೆ ಹುಡುಗರ ಬಾಯಿಂದ ತಿಳಿದದ್ದು.

ನನ್ನ ಚೀಟಿ ಯಾಕೆ ಸುಳ್ಳು ಹೇಳಿತು? ಇದು ಬಹಳ ದಿನ ನನ್ನ ತಲೆಯಲ್ಲಿ ಕೊರೆಯಿತು. ನಾನು ಓದಿದ್ದು ಮೆಟ್ರಿಕ್‌ವರೆಗೆ; ಇಂಗ್ಲಿಷು ನನಗೆ ನಿಧಾನ. ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯರೊಬ್ಬರು ಜೊತೆಯಲ್ಲಿ ಕೂತು ಓದಿಸಿದರು. ನಾರ್ವೆ ದೇಶದಲ್ಲಿ ಇದೇ ಕೆಲಸವನ್ನು ನಲವತ್ತು ವರ್ಷದ ಹಿಂದೆಯೇ ಕ್ರಮವಾಗಿ ಮಾಡಿದ್ದಾರೆಂದು ಆಗ ತಿಳಿಯಿತು.

1982ರ ಕೊನೆಯಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ ಮೂವರು ಹುಡುಗರು, ಹತ್ತರಿಂದ ಹದಿನಾಲ್ಕು ವರ್ಷದೊಳಗಿನವರು, ಪ್ರಾಣ ಕಳೆದುಕೊಂಡರು. ಜೊತೆಯ ಹುಡುಗರ ಕಾಟವೇ ಕಾರಣವಿರಬೇಕೆಂದು ಪತ್ರಿಕೆಗಳಲ್ಲಿ ಬಂತು. ದೇಶ ಅಲುಗಾಡಿತು. ಸರ್ಕಾರ 1983ರಲ್ಲಿ ದೇಶದ ಎಲ್ಲ ಶಾಲೆಗಳಿಗೂ ಒಂದು ಚಳವಳಿಯನ್ನು ಸಾರಿತು. ಅಲ್ಲಿ ಬೆರ್ಗೆನ್ ಎಂಬ ಊರಿನ ವಿಶ್ವವಿದ್ಯಾನಿಲಯದಲ್ಲಿ ದಾನ್ ಓಲ್ವೇಯಸ್ ಎಂಬ ಪ್ರೊಫೆಸರು ಇದ್ದರು. ಹುಟ್ಟಿದ್ದು ಸ್ವೀಡನ್ನಿನಲ್ಲಿ, 2020ರಲ್ಲಿ ತೀರಿಕೊಂಡರು. ಈ ವಿಷಯವನ್ನು ಎಪ್ಪತ್ತರ ದಶಕದ ಮೊದಲಿನಿಂದಲೂ ಕೆದಕುತ್ತಿದ್ದವರು ಅವರು. ಚಳವಳಿಯ ಜೊತೆಗೆ ಒಂದು ಪ್ರಶ್ನೆಪಟ್ಟಿ ಸಿದ್ಧ ಮಾಡಿದರು. ಮಗುವಿನ ಹೆಸರು ಬೇಡ. ಮಗುವೇ ತನ್ನ ಬಗ್ಗೆ ತಾನೇ ಬರೆಯತಕ್ಕದ್ದು. 715 ಶಾಲೆಗಳ ಸುಮಾರು 1,30,000 ಮಕ್ಕಳು ತುಂಬಿದ ಪಟ್ಟಿಗಳ ಮೇಲೆ ಲೆಕ್ಕ ಹಾಕಿದರು. ಆ ದೇಶದ ಅಷ್ಟೂ ಶಾಲಾಮಕ್ಕಳಲ್ಲಿ ಇದು ಹತ್ತಿರ ಹತ್ತಿರ ಕಾಲುಭಾಗ.

ಲೆಕ್ಕ ಹೀಗೆ ಬಂತು. ನೂರಕ್ಕೆ 9 ಮಕ್ಕಳು ಕಾಟ ಪಡುವವರು, ನೂರಕ್ಕೆ 7 ಮಕ್ಕಳು ಕಾಟ ಕೊಡುವವರು. ಎರಡರಲ್ಲೂ ಸೇರಿದವರು ಒಂದೂವರೆಯಷ್ಟು. ಒಟ್ಟಿನಲ್ಲಿ ನೂರಕ್ಕೆ 15 ಮಕ್ಕಳು ಇದರೊಳಗೆ ಸಿಕ್ಕಿದ್ದಾರೆ. ಇದಕ್ಕೂ ಹೆಚ್ಚು ನನ್ನ ಮನಸ್ಸಿಗೆ ನಾಟಿದ್ದು ಬೇರೆ ಎರಡು ಉತ್ತರ. ಕಾಟ ಪಡುವ ಕೆಳತರಗತಿಯ ಮಕ್ಕಳಲ್ಲಿ ನೂರಕ್ಕೆ 40ರಷ್ಟು, ಮೇಲಿನ ತರಗತಿಗಳವರಲ್ಲಿ 60ರಷ್ಟು, ‘ಉಪಾಧ್ಯಾಯರು ಇದನ್ನು ತಡೆಯಲು ಹೊರಡುವುದು ಅಪರೂಪ, ಇಲ್ಲವೇ ಇಲ್ಲವೆಂಬಷ್ಟು’ ಎಂದು ಗುರುತು ಹಾಕಿದ್ದರು. ಮೇಲಿನ ತರಗತಿಗಳಲ್ಲಿ ಕಾಟ ಪಡುವವರಲ್ಲಿ ನೂರಕ್ಕೆ 85 ಮಂದಿ, ‘ನಮ್ಮ ತರಗತಿಯ ಮೇಷ್ಟರು ಈ ವಿಷಯ ನನ್ನೊಡನೆ ಎಂದೂ ಮಾತಾಡಿಲ್ಲ’ ಎಂದಿದ್ದರು. ಅದು ನಾರ್ವೆ. ಓದಿದಾಗ ನನಗೆ ನನ್ನದೇ ಹಾಜರಿ ಪುಸ್ತಕ ಕಣ್ಣಮುಂದೆ ಬಂತು.

ಇನ್ನು ಒಂದಿಷ್ಟು ಮೂಢನಂಬಿಕೆಯನ್ನೂ ಆ ಪಟ್ಟಿ ಕಿತ್ತುಹಾಕಿತು. ‘ದೊಡ್ಡ ತರಗತಿ, ದೊಡ್ಡ ಶಾಲೆ, ದೊಡ್ಡ ಪಟ್ಟಣ, ಅದರಿಂದ ಹೀಗಾಗುತ್ತದೆ’ ಎನ್ನುತ್ತಿದ್ದರು. ಲೆಕ್ಕದಲ್ಲಿ ಅದು ನಿಲ್ಲಲಿಲ್ಲ. ‘ಕಾಟವೆಲ್ಲ ಶಾಲೆಗೆ ಹೋಗುವ ದಾರಿಯಲ್ಲಿ’ ಎನ್ನುತ್ತಿದ್ದರು. ದಾರಿಗಿಂತ ಶಾಲೆಯೊಳಗೇ ಬಹಳ ಹೆಚ್ಚೆಂದು ಮಕ್ಕಳು ಬರೆದರು. ಬಿಡುವಿನ ಹೊತ್ತಿನಲ್ಲಿ ಅಂಗಳದಲ್ಲಿ ಉಪಾಧ್ಯಾಯರು ಹೆಚ್ಚಾಗಿ ಓಡಾಡುವ ಶಾಲೆಗಳಲ್ಲಿ ಕಾಟ ಕಡಿಮೆ ಎಂಬುದೂ ಕಂಡಿತು. ಇದಕ್ಕೆ ದುಡ್ಡು ಬೇಡ, ಸರ್ಕಾರದ ಆದೇಶ ಬೇಡ. ಸ್ಟಾಫ್ ರೂಮಿನ ಟೀ ಲೋಟವನ್ನು ಹಿಡಿದುಕೊಂಡೇ ಹೊರಗೆ ಬಂದರೂ ಸಾಕು.

ಈಗ ಪ್ರಶ್ನೆಪಟ್ಟಿಯ ಒಳಗೆ ಏನಿದೆ ನೋಡೋಣ. ನನ್ನ ಚೀಟಿಗೂ ಅದಕ್ಕೂ ಇರುವ ಅಂತರ ಅಲ್ಲಿದೆ.

ಮೊದಲು ಅವರು ಮಾತಿನ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳುತ್ತಾರೆ. ಮೂರು ಗುರುತು. ಬೇಕೆಂದೇ ನೋಯಿಸಬೇಕು. ಒಂದು ಸಲವಲ್ಲ, ಮತ್ತೆ ಮತ್ತೆ ಆಗಬೇಕು. ನೋಯುವವನಿಗೆ ಎದುರು ನಿಲ್ಲುವ ಬಲ ಇರಬಾರದು. ಮೈಯ ಬಲವೇ ಆಗಬೇಕೆಂದಿಲ್ಲ, ಅವರು ನಾಲ್ವರು ಇವನು ಒಬ್ಬ ಎಂದರೂ ಅದೇ. ಸರಿಸಮಾನರಾದ ಇಬ್ಬರು ಜಗಳವಾಡಿದರೆ ಅದು ಇದರಲ್ಲಿ ಸೇರುವುದಿಲ್ಲ. ಗೆಳೆತನದ ತಮಾಷೆಯೂ ಸೇರುವುದಿಲ್ಲ. ಆಮೇಲೆ, ‘ಕಳೆದ ಎರಡು ತಿಂಗಳಲ್ಲಿ ನಿನಗೆ ಎಷ್ಟು ಸಲ ಹೀಗಾಗಿದೆ?’ ಎಂಬ ಪ್ರಶ್ನೆ. ಉತ್ತರಕ್ಕೆ ಐದು ಮೆಟ್ಟಿಲು: ಆಗಿಲ್ಲ, ಒಂದೆರಡು ಸಲ, ತಿಂಗಳಿಗೆ ಎರಡು ಮೂರು ಸಲ, ವಾರಕ್ಕೊಮ್ಮೆ, ವಾರಕ್ಕೆ ಹಲವು ಸಲ. ಅದಾದ ಮೇಲೆ ಬಿಡಿಬಿಡಿಯಾಗಿ ಕೇಳುತ್ತಾರೆ: ಹೆಸರಿಟ್ಟು ಕರೆದರೇ, ಆಟಕ್ಕೆ ಸೇರಿಸದೆ ದೂರ ಇಟ್ಟರೇ, ಹೊಡೆದರೇ, ದುಡ್ಡು ವಸ್ತು ಕಿತ್ತುಕೊಂಡರೇ, ಇಲ್ಲದ ಸುದ್ದಿ ಹಬ್ಬಿಸಿದರೇ, ಹೆದರಿಸಿದರೇ. ಈಚಿನ ಪಟ್ಟಿಗಳಲ್ಲಿ ಮೊಬೈಲಿನ ಕಾಟವೂ ಸೇರಿದೆ. ಎಲ್ಲಿ ಆಯಿತು, ಯಾರಿಗೆ ಹೇಳಿಕೊಂಡೆ, ದೊಡ್ಡವರು ಏನು ಮಾಡಿದರು ಎಂಬುದೂ ಉಂಟು. ‘ನೀನು ಬೇರೆಯವರಿಗೆ ಹೀಗೆ ಮಾಡಿದ್ದೀಯಾ?’ ಎಂದೂ ಕೇಳುತ್ತಾರೆ.

ತಿಂಗಳಿಗೆ ಎರಡು ಮೂರು ಸಲ ಎಂಬ ಮೆಟ್ಟಿಲಿನಿಂದ ಮೇಲಿರುವವರನ್ನು ಕಾಟ ಪಡುವವರೆಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಗೆರೆಯನ್ನು ಅಲ್ಲೇ ಯಾಕೆ ಎಳೆಯಬೇಕು? ಇದಕ್ಕೆ 2003ರಲ್ಲಿ ಮೋನಾ ಸೋಲ್ಬರ್ಗ್ ಎಂಬವರೂ ಓಲ್ವೇಯಸ್ ಅವರೂ ಬೆರ್ಗೆನ್ನಿನ ಐದು ಸಾವಿರಕ್ಕೂ ಮೇಲ್ಪಟ್ಟ ಮಕ್ಕಳ ಉತ್ತರಗಳನ್ನಿಟ್ಟು ಸಮಾಧಾನ ಕೊಟ್ಟರು. ‘ಒಂದೆರಡು ಸಲ’ ಎಂದವರಿಗೂ ‘ತಿಂಗಳಿಗೆ ಎರಡು ಮೂರು ಸಲ’ ಎಂದವರಿಗೂ ನಡುವೆ ಖಿನ್ನತೆಯಲ್ಲಿ, ತನ್ನನ್ನು ತಾನು ಕೀಳೆಂದುಕೊಳ್ಳುವುದರಲ್ಲಿ, ‘ಈ ತರಗತಿ ನನ್ನದಲ್ಲ’ ಎಂಬ ಭಾವನೆಯಲ್ಲಿ ಸ್ಪಷ್ಟವಾದ ವ್ಯತ್ಯಾಸ ಕಂಡಿತು. ಗೆರೆ ಸುಮ್ಮನೆ ಎಳೆದದ್ದಲ್ಲ.

ನಾನು ಮಾಡಿದ್ದೇನು? ‘ಹಿಂಸೆ’ ಎಂದು ಒಂದು ದೊಡ್ಡ ಪದ ಬರೆದೆ. ಮಕ್ಕಳಿಗೆ ಹಿಂಸೆ ಎಂದರೆ ರಕ್ತ, ಪೊಲೀಸು, ಸಿನಿಮಾ. ಊದುವುದನ್ನು ಯಾವ ಮಗು ಹಿಂಸೆ ಎಂದೀತು? ಬೆಂಚಿಗೆ ನಾಲ್ವರು ಕೂತಿದ್ದರು. ಪಕ್ಕದವನ ಕಣ್ಣು ಚೀಟಿಯ ಮೇಲೆ. ಕೂಡಿಸಿದವನು ಮಾನಿಟರು. ಅವನೇ ಊದುವವರಲ್ಲಿ ಒಬ್ಬನೆಂದು ಆಮೇಲೆ ತಿಳಿಯಿತು! ಹೆಸರು ಬೇಡವೆಂದೆ, ಅಕ್ಷರ ನೋಡಿ ಗುರುತು ಹಿಡಿದೆ. ಅವರ ಪಟ್ಟಿಯಲ್ಲಿ ಬರೆಯುವ ಕೆಲಸವಿಲ್ಲ, ಗುರುತು ಹಾಕುವುದು ಮಾತ್ರ. ಅಷ್ಟು ಸಣ್ಣ ಸಂಗತಿ ನನಗೆ ಹೊಳೆದಿರಲಿಲ್ಲ.

ಪದದ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಇಂಗ್ಲಿಷಿನ ‘ಬುಲ್ಲಿಯಿಂಗ್’ ಎಂಬ ಮಾತಿಗೆ ನಮ್ಮಲ್ಲಿ ಒಂದು ಪದ ಇಲ್ಲ. ಸರ್ಕಾರದ ಕಾಗದದಲ್ಲಿ ‘ಪೀಡನೆ’, ‘ಬೆದರಿಸುವಿಕೆ’ ಎಂದು ಬರೆಯುತ್ತಾರೆ. ಯಾವ ಮಗುವಿನ ಬಾಯಲ್ಲೂ ಅದು ಇಲ್ಲ. ‘ರೇಗಿಸ್ತಾರೆ’ ಎನ್ನುತ್ತಾರೆ, ಅದು ಹಗುರ. ‘ಗೋಳು ಹುಯ್ಕೊಳ್ತಾರೆ’ ಎನ್ನುತ್ತಾರೆ, ಅದು ಹತ್ತಿರ. ಆದರೆ ಅಜ್ಜಿಯನ್ನು ಮೊಮ್ಮಗ ಕಾಡಿದರೂ ಅದೇ ಮಾತು. ಇದು ನಮ್ಮ ಭಾಷೆಯ ಬಡತನವಲ್ಲ, ಎಲ್ಲ ಕಡೆಯೂ ಇದೇ ಪಾಡು. ಸ್ವೀಡನ್ನಿನಲ್ಲಿ 1969ರಲ್ಲಿ ಹೈನೆಮಾನ್ ಎಂಬ ಡಾಕ್ಟರು ಇದನ್ನು ಮೊದಲು ಎತ್ತಿದಾಗ ‘ಮೊಬ್ಬಿಂಗ್’ ಎಂಬ ಮಾತು ತಂದರು. ಹಕ್ಕಿಗಳ ಹಿಂಡು ಹೊರಗಿನಿಂದ ಬಂದ ಪ್ರಾಣಿಯ ಮೇಲೆ ಬೀಳುವುದಕ್ಕೆ ಇದ್ದ ಮಾತು ಅದು. ಆದರೆ ಕಾಟ ಕೊಡುವುದು ಬಹಳ ಸಲ ಹಿಂಡಲ್ಲ, ಒಬ್ಬನೋ ಇಬ್ಬರೋ ಮೂವರೋ ಎಂದು ಓಲ್ವೇಯಸ್ ಅಳೆದು ತೋರಿಸಬೇಕಾಯಿತು. ಜಪಾನಿನಲ್ಲಿ ‘ಇಜಿಮೆ’ ಎಂದರೆ ದೂರ ಇಡುವುದರ ಅರ್ಥವೇ ಮುಂದು. 2002ರಲ್ಲಿ ಪೀಟರ್ ಸ್ಮಿತ್ ಎಂಬ ಇಂಗ್ಲಿಷ್ ಪ್ರೊಫೆಸರೂ ಅವರ ಜೊತೆಯವರೂ ಹದಿನಾಲ್ಕು ದೇಶದ ಮಕ್ಕಳಿಗೆ ಕಡ್ಡಿಗೊಂಬೆಯ 25 ಚಿತ್ರಗಳನ್ನು ತೋರಿಸಿ, ನಿಮ್ಮ ಭಾಷೆಯ ಇಂಥ ಪದ ಇದರಲ್ಲಿ ಯಾವುದಕ್ಕೆ ಸಲ್ಲುತ್ತದೆ ಎಂದು ಕೇಳಿದರು. ಒಂದು ಭಾಷೆಯ ಪದ ಇನ್ನೊಂದರದಕ್ಕೆ ಪೂರ್ತಿ ಹೊಂದಲಿಲ್ಲ.

ಹಾಗಾದರೆ ಅರ್ಥ ಬಿಡಿಸಿ ಹೇಳಿಬಿಟ್ಟರೆ ಸರಿಹೋಯಿತೇ? ಅಲ್ಲಿಯೂ ತೊಡಕಿದೆ. ಕೆನಡಾದಲ್ಲಿ ಟ್ರೇಸಿ ವೈಲಾಂಕೂರ್ ಮತ್ತು ಜೊತೆಯವರು 2008ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ‘ಇದರ ಅರ್ಥವೇನು?’ ಎಂದು ಮಕ್ಕಳನ್ನೇ ಕೇಳಿದರು. ನೋಯಿಸುವುದು ಎಂದು ಹೆಚ್ಚುಕಡಿಮೆ ಎಲ್ಲರೂ ಬರೆದರು. ಮತ್ತೆ ಮತ್ತೆ ಎಂದವರು ನೂರಕ್ಕೆ 6. ಬೇಕೆಂದೇ ಎಂದವರು ಇಬ್ಬರೂ ಪೂರ್ತಿ ಇಲ್ಲ. ಪಂಡಿತರ ಮೂರು ಗುರುತು ಮಕ್ಕಳ ತಲೆಯಲ್ಲಿ ಇರಲಿಲ್ಲ. ಅರ್ಥ ಓದಿಸಿ ಕೇಳಿದ ಮಕ್ಕಳು, ಓದಿಸದೆ ಕೇಳಿದ ಮಕ್ಕಳಿಗಿಂತ ‘ನನಗೆ ಆಗಿದೆ’ ಎಂದದ್ದು ಕಡಿಮೆ. ಒಂದೇ ಶಾಲೆ, ಒಂದೇ ಕಾಟ. ಮುಂದೆ ನಾಲ್ಕು ಸಾಲು ಇದ್ದರೆ ಒಂದು ಲೆಕ್ಕ, ಇಲ್ಲದಿದ್ದರೆ ಇನ್ನೊಂದು ಲೆಕ್ಕ.

ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಯಾವ ಬಟ್ಟಿನಿಂದ ತೂಗಿದ್ದು ಎಂದು ಕೇಳದೆ ಎರಡು ಅಂಗಡಿಯ ಸರಕನ್ನು ಹೋಲಿಸಲಾಗದು. ವಿಶ್ವಸಂಸ್ಥೆಯ ಯುನೆಸ್ಕೋ 2019ರಲ್ಲಿ, ಲೋಕದ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಷ್ಟು ಕಳೆದ ಒಂದು ತಿಂಗಳಲ್ಲಿ ಒಂದು ಸಲವಾದರೂ ಕಾಟ ಪಟ್ಟಿದ್ದಾರೆ ಎಂದಿತು. ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳನ್ನು 2009ರಿಂದ ಎರಡು ವರ್ಷಕ್ಕೊಮ್ಮೆ ಕೇಳುತ್ತಾ ಬಂದಿರುವುದು ಕಳೆದ 12 ತಿಂಗಳ ಲೆಕ್ಕ; ಐವರಲ್ಲಿ ಒಬ್ಬರಷ್ಟು ಹೌದೆನ್ನುತ್ತಾರೆ. 2019ರಲ್ಲಿ ನೂರಕ್ಕೆ 19.5 ಇದ್ದದ್ದು 2021ರಲ್ಲಿ 15ಕ್ಕೆ ಇಳಿಯಿತು. ಮಕ್ಕಳು ಒಳ್ಳೆಯವರಾದರೆಂದಲ್ಲ, ಕೊರೊನಾದಿಂದ ಶಾಲೆಗಳೇ ಬಹುಕಾಲ ಮುಚ್ಚಿದ್ದವು. ನಾರ್ವೆಯಲ್ಲಿ 9. ಹಾಗೆಂದು ನಾರ್ವೆಯ ಮಕ್ಕಳು ಸಾಧುಗಳು, ಉಳಿದವರು ರಾಕ್ಷಸರು ಎನ್ನಬಹುದೇ? ಬಟ್ಟು ಬೇರೆ, ತೂಕ ಬೇರೆ. ಪತ್ರಿಕೆಯಲ್ಲಿ ದೇಶ ದೇಶಗಳ ಪಟ್ಟಿ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

ಮಕ್ಕಳು ಸುಳ್ಳು ಬರೆಯುವುದಿಲ್ಲವೇ ಎಂದು ನೀವು ಕೇಳುತ್ತೀರಿ. ಬರೆಯುತ್ತಾರೆ. ಅಮೆರಿಕದಲ್ಲಿ ಬೇರೊಂದು ದೊಡ್ಡ ಪ್ರಶ್ನೆಪಟ್ಟಿಯಲ್ಲಿ ನೂರಾರು ಹುಡುಗರು ತಮಗೆ ಕೃತಕ ಕೈಯೋ ಕಾಲೋ ಇದೆಯೆಂದು ಗುರುತು ಹಾಕಿದ್ದರು. ಮನೆಗೆ ಹೋಗಿ ನೋಡಿದರೆ ನೂರರಲ್ಲಿ ತೊಂಬತ್ತೊಂಬತ್ತು ಮಂದಿಗೆ ದೇವರು ಕೊಟ್ಟ ಕೈಕಾಲೇ ಇದ್ದವು. ಇಂಥ ಚೇಷ್ಟೆಗೆ ಪಟ್ಟಿಯಲ್ಲೇ ಒಂದು ಬಲೆ ಇಡುತ್ತಾರೆ. ವರ್ಜೀನಿಯಾ ಸಂಸ್ಥಾನದಲ್ಲಿ ಡ್ಯೂಯಿ ಕಾರ್ನೆಲ್ ಎಂಬವರು ‘ನಾನು ಇಲ್ಲಿ ನಿಜ ಬರೆಯುತ್ತಿದ್ದೇನೆ’ ಎಂಬ ಒಂದು ಸಾಲನ್ನೇ ಪಟ್ಟಿಯಲ್ಲಿ ಸೇರಿಸಿದರು. ಅದಕ್ಕೆ ‘ಅಲ್ಲ’ ಎಂದು ಗುರುತು ಹಾಕುವ ಪುಂಡರು ಇದ್ದೇ ಇರುತ್ತಾರೆ. ಅವರ ಪಟ್ಟಿಯನ್ನು ಬದಿಗಿಟ್ಟರೆ ಲೆಕ್ಕ ಅಷ್ಟುಮಟ್ಟಿಗೆ ಶುದ್ಧವಾಗುತ್ತದೆ. ಆದರೆ ನನಗೆ ಭಯ ಚೇಷ್ಟೆಯ ‘ಹೌದಿ’ಗಿಂತ ಅಂಜಿಕೆಯ ‘ಇಲ್ಲ’ದ್ದು. ಅದಕ್ಕೆ ಯಾವ ಬಲೆಯೂ ಇಲ್ಲ.

ಇನ್ನೊಂದು ದಾರಿ ಫಿನ್ಲೆಂಡಿನಲ್ಲಿದೆ. ಅಲ್ಲಿ ತುರ್ಕು ವಿಶ್ವವಿದ್ಯಾನಿಲಯದ ಕ್ರಿಸ್ಟಿನಾ ಸಾಲ್ಮಿವಾಲ್ಲಿ ಮತ್ತು ಜೊತೆಯವರು ಮಗುವನ್ನು ತನ್ನ ಬಗ್ಗೆ ಮಾತ್ರ ಕೇಳದೆ ತರಗತಿಯ ಬಗ್ಗೆ ಕೇಳಿದರು: ಶುರು ಮಾಡುವವರು ಯಾರು, ಕೈಜೋಡಿಸುವವರು ಯಾರು, ನಕ್ಕು ಹುರಿದುಂಬಿಸುವವರು ಯಾರು, ಅಡ್ಡ ಬರುವವರು ಯಾರು, ತನಗೇಕೆಂದು ಸರಿದು ನಿಲ್ಲುವವರು ಯಾರು? 1996ರಲ್ಲಿ ಅವರು ಇದನ್ನು ಪ್ರಕಟಿಸಿದರು. ನಗುವವನಿಗೂ ಅಲ್ಲಿ ಒಂದು ಪಾತ್ರ ಇದೆ ಎಂಬುದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ, ಆ ದಿನ ಮುಂದೆ ಓದಲಿಲ್ಲ. ಆದರೂ ಹೆಸರು ಬರೆಸುವ ಈ ದಾರಿ ನಮ್ಮ ಊರಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಹೆಸರಿನ ಪಟ್ಟಿ ಒಂದು ಸಲ ಕಾಗದದ ಮೇಲೆ ಬಂತೆಂದರೆ ಅದು ಯಾರ ಕೈಗೆ ಸಿಕ್ಕಿ ಯಾವ ಕೇರಿಯ ಜಗಳವಾಗುತ್ತದೋ ಹೇಳಲಾಗದು.

ಲೆಕ್ಕವನ್ನು ಮಕ್ಕಳಿಂದ ಕೇಳದೆ ಶಾಲೆಯಿಂದ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನು ನೋಡಿ. ಅಲ್ಲಿ ವಿದ್ಯಾ ಇಲಾಖೆ 1985ರಲ್ಲಿ ಶಾಲೆಗಳಿಂದ ಲೆಕ್ಕ ತರಿಸಿತು; ಸುಮಾರು 1,55,000 ಪ್ರಕರಣ. ಮರುವರ್ಷ ಸುಮಾರು 52,000! ಒಂದೇ ವರ್ಷದಲ್ಲಿ ಮೂರನೆಯ ಎರಡು ಭಾಗ ಮಾಯ. ಆ 1986ರಲ್ಲೇ ಟೋಕಿಯೋದ ಒಬ್ಬ ಹುಡುಗ ಪ್ರಾಣ ಬಿಟ್ಟಿದ್ದ. ತರಗತಿಯಲ್ಲಿ ಅವನು ಸತ್ತನೆಂದು ಶವಸಂಸ್ಕಾರದ ಆಟ ಆಡಿದ್ದರು. ಆ ಸಂತಾಪದ ಕಾಗದಕ್ಕೆ ಉಪಾಧ್ಯಾಯರೂ ಸಹಿ ಹಾಕಿದ್ದರು. 2005ರ ಹೊತ್ತಿಗೆ ಲೆಕ್ಕ ಸುಮಾರು 20,000ಕ್ಕೆ ಇಳಿದಿತ್ತು. 2006ರಲ್ಲಿ ಅರ್ಥವನ್ನು ಬದಲಾಯಿಸಿ, ನೋಯುವ ಮಗುವಿನ ಕಣ್ಣಿನಿಂದ ನೋಡಬೇಕು, ಮಕ್ಕಳನ್ನೇ ಕೇಳಬೇಕು ಎಂದರು. ಸಂಖ್ಯೆ ಸುಮಾರು 1,25,000ಕ್ಕೆ ಹಾರಿತು. 2011ರಲ್ಲಿ ಓತ್ಸು ಎಂಬ ಊರಿನಲ್ಲಿ ಇನ್ನೊಬ್ಬ ಹುಡುಗ ಹೋದ. ಆಮೇಲೆ ಶಾಲೆ ಮಕ್ಕಳಿಗೆ ಪ್ರಶ್ನೆಪಟ್ಟಿ ಕೊಟ್ಟಿತು, ಮಕ್ಕಳು ತಾವು ಕಂಡು ಕೇಳಿದ್ದನ್ನು ಬರೆದರು. ಅವರು ಬರೆದದ್ದೆಲ್ಲ ಹೊರಗೆ ಬರಲಿಲ್ಲ; 2012ರ ಜುಲೈನಲ್ಲಿ ಸುದ್ದಿ ಒಡೆದು ದೇಶವೆಲ್ಲ ಕೂಗೆದ್ದಿತು. 2013ರಲ್ಲಿ ಕಾನೂನು ಆಯಿತು. 2023ರಲ್ಲಿ ದಾಖಲಾದದ್ದು ಏಳು ಲಕ್ಷ ಮೂವತ್ತೆರಡು ಸಾವಿರಕ್ಕೂ ಮೇಲು. ಇಷ್ಟು ಏರಿತೆಂದರೆ ಮಕ್ಕಳು ಇಷ್ಟು ಕೆಟ್ಟರೆಂದು ಅರ್ಥ ಮಾಡಬೇಡಿ. ಬರೆಯುವುದು ಶುರುವಾಯಿತೆಂದು ಅರ್ಥ. ಕಡಿಮೆ ಸಂಖ್ಯೆ ಬಂದ ಶಾಲೆಗೆ ಶಹಬಾಸ್‌ಗಿರಿ, ಹೆಚ್ಚು ಬಂದ ಶಾಲೆಗೆ ನೋಟೀಸು ಎಂದಾದರೆ ಮರುವರ್ಷ ಎಲ್ಲ ಶಾಲೆಯಲ್ಲೂ ಸೊನ್ನೆಯೇ ಬರುತ್ತದೆ, ನಮ್ಮ ಅಪಘಾತದ ರಿಜಿಸ್ಟರಿನ ಹಾಗೆ.

ಅಳೆದು ಫಲವೇನು ಎಂದು ಒಬ್ಬ ಹಿರಿಯರು ಬಾಗಿಲಲ್ಲೇ ಕೇಳಿದರು. ಬೆರ್ಗೆನ್ನಿನಲ್ಲಿ 42 ಶಾಲೆಗಳ ಸುಮಾರು 2,500 ಮಕ್ಕಳನ್ನು 1983ರಿಂದ 1985ರವರೆಗೆ ಮತ್ತೆ ಮತ್ತೆ ಅದೇ ಪಟ್ಟಿಯಿಂದ ಅಳೆದರು. ನಡುವೆ ತರಗತಿಯಲ್ಲಿ ನಿಯಮ, ಬಿಡುವಿನಲ್ಲಿ ಕಾವಲು, ತಂದೆತಾಯಿಗಳ ಸಭೆ, ಕಾಟ ಕೊಡುವವನನ್ನು ಕರೆದು ಗಟ್ಟಿಮಾತು, ಇವು ನಡೆದವು. ಕಾಟ ಅರ್ಧಕ್ಕೆ ಇಳಿಯಿತು, ಕೆಲವು ಕಡೆ ಇನ್ನೂ ಹೆಚ್ಚು. ಅದೇ ದೇಶದ ರೋಗಾಲಾಂಡ್ ಪ್ರಾಂತ್ಯದಲ್ಲಿ ಎರ್ಲಿಂಗ್ ರೋಲಾಂಡ್ ಎಂಬವರು ಚಳವಳಿಯಾದ ಮೂರು ವರ್ಷಕ್ಕೆ ಅಳೆದಾಗ ಅಂಥ ಇಳಿಕೆ ಸಿಗಲಿಲ್ಲ. ಸಾಹಿತ್ಯ ಹಂಚಿ ಸುಮ್ಮನಾದರೆ ಏನೂ ಆಗುವುದಿಲ್ಲ, ಬೆನ್ನು ಹತ್ತಿದರೆ ಆಗುತ್ತದೆ ಎಂದು ನಾನು ಇದನ್ನು ಓದುತ್ತೇನೆ. ಬೇರೆ ರೀತಿ ಓದುವವರೂ ಇರಬಹುದು. ಎರಡು ಸಲ ಅಳೆಯದೆ ಹೋಗಿದ್ದರೆ ಎರಡು ಕಡೆಯೂ ‘ಚಳವಳಿ ಯಶಸ್ವಿ’ ಎಂದೇ ವರದಿ ಹೋಗುತ್ತಿತ್ತು.

ಹೋದ ವರ್ಷ ಇದೇ ಅಂಗಳದಲ್ಲಿ ಸಂಜೆಪಾಠಕ್ಕೆ ಬರುವ ಮಕ್ಕಳೊಡನೆ ಒಂದು ಸಣ್ಣ ಪಟ್ಟಿ ಮಾಡಿ ನೋಡಿದೆ. ದೂರ ದೂರ ಕೂರಿಸಿದೆ. ಎಲ್ಲರಿಗೂ ಒಂದೇ ಬಣ್ಣದ ಪೆನ್ನು. ತುಂಬಿದ ಮೇಲೆ ತಾವೇ ಮಡಿಸಿ ಡಬ್ಬದಲ್ಲಿ ಹಾಕಬೇಕು. ಸಂಖ್ಯೆ ನಾನು ಹೇಳುವುದಿಲ್ಲ. ಅಷ್ಟು ಕಡಿಮೆ ಮಕ್ಕಳಲ್ಲಿ ನೂರಕ್ಕೆ ಇಷ್ಟು ಎನ್ನುವುದು ಮೋಸ, ಯಾರದೆಂದು ಗುರುತೂ ಸಿಕ್ಕಿಬಿಡುತ್ತದೆ. ಇಷ್ಟು ಹೇಳಬಹುದು: ‘ಕಾಟ ಕೊಡುತ್ತಾರೆಯೇ’ ಎಂಬುದಕ್ಕೆ ‘ಇಲ್ಲ’ ಎಂದ ಮಕ್ಕಳೇ ಕೆಳಗೆ ‘ಅಪ್ಪ ಅಮ್ಮನ ಕೆಲಸ ಹಿಡಿದು ಆಡಿಕೊಂಡರು’, ‘ಬುತ್ತಿ ಕಸಿದುಕೊಂಡರು’ ಎಂಬುದಕ್ಕೆ ಗುರುತು ಹಾಕಿದ್ದರು. ಜಾಗ ಯಾವುದೆಂದರೆ ಆಟದ ಬಯಲಲ್ಲ. ನೀರಿನ ನಲ್ಲಿ, ಮೂತ್ರದ ಮನೆ, ಮೇಷ್ಟರಿಲ್ಲದ ಪೀರಿಯಡ್ಡು. ಹೆಣ್ಣುಮಕ್ಕಳ ಪಟ್ಟಿಯಲ್ಲಿ ಹೊಡೆತ ಕಡಿಮೆ. ಮಾತು ಬಿಡಿಸುವುದು, ವಾಟ್ಸಾಪಿನ ಗುಂಪಿನಿಂದ ತೆಗೆಯುವುದು ಹೆಚ್ಚು. ಒಂದು ಮಗು ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದು, ಕೊನೆಯಲ್ಲಿ ಯಾರೂ ಕೇಳದೆ ಇದ್ದರೂ ‘ಇದನ್ನು ಮನೆಗೆ ಹೇಳಬೇಡಿ’ ಎಂದು ಬರೆದಿತ್ತು.

ಈಗ ಮಾಡತಕ್ಕದ್ದು. ಸರ್ಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಇದೆ, ಅದರಲ್ಲಿ ಪೋಷಕರೇ ಸದಸ್ಯರು. ನಮ್ಮವರೂ ಇದ್ದೀರಿ, ಬಿಸಿಯೂಟದ ಅಕ್ಕಿ ನೋಡುವುದಷ್ಟೇ ನಿಮ್ಮ ಕೆಲಸವಲ್ಲ. ವರ್ಷಕ್ಕೆ ಎರಡು ಸಲ, ಅದೇ ತಿಂಗಳು, ಅದೇ ಪಟ್ಟಿ. ಪ್ರಶ್ನೆ ಬದಲಾಯಿಸಿದರೆ ಹೋಲಿಕೆ ಕೆಡುತ್ತದೆ. ತರಗತಿಯ ಮೇಷ್ಟರು ಹೊರಗಿರಲಿ, ಬೇರೆ ಶಾಲೆಯವರು ಬಂದು ಓದಿ ಹೇಳಲಿ. ಸಂಖ್ಯೆಯನ್ನು ಬೇರೆ ಶಾಲೆಯೊಡನೆ ಹೋಲಿಸುವುದು ಬೇಡ, ಅದೇ ಶಾಲೆಯ ಹೋದ ಸಲದ ಸಂಖ್ಯೆಯೊಡನೆ ಹೋಲಿಸಲಿ. ಪಟ್ಟಿ ತುಂಬುವ ದಿನವೇ, ಹೇಳಿಕೊಳ್ಳಬೇಕೆನ್ನುವ ಮಗು ಯಾರ ಹತ್ತಿರ ಹೋಗಬೇಕೆಂದು ಒಬ್ಬರನ್ನು ಗೊತ್ತು ಮಾಡಿರಬೇಕು. ಗಾಯ ಬಿಚ್ಚಿಸಿ ಹಾಗೇ ಕಳಿಸುವುದು ತಪ್ಪು.

ಕರಡು ಪಟ್ಟಿ ನನ್ನ ಹತ್ತಿರ ಇದೆ. ಇದನ್ನು ಮೊದಲು ಅರಳೆಗೆ ಓದಿ ಹೇಳಿದೆ. ಅವನಿಗೆ ಆ ಹೆಸರಲ್ಲ, ಅವನ ಹೆಸರು ಬೇರೆ. ಈಗ ದೊಡ್ಡವನಾಗಿದ್ದಾನೆ, ಜಿನ್ನಿಂಗಿನಲ್ಲೇ ಕೆಲಸ, ಈ ಹೊತ್ತು ಪಾಳಿಯಲ್ಲಿದ್ದಾನೆ. ಎಲ್ಲ ಕೇಳಿ ಅವನು, “ಒಂದು ಸಾಲು ಸೇರಿಸಿ ಮೇಷ್ಟ್ರೇ: ಮೇಷ್ಟ್ರೂ ನಕ್ಕರಾ ಅಂತ” ಎಂದ. ಸೇರಿಸಿದ್ದೇನೆ. ಹದಿನಾಲ್ಕನೆಯ ಪ್ರಶ್ನೆ ಅದು.

ಉಳಿದಿರುವುದು ಪದ. ನಿಮ್ಮ ಮಕ್ಕಳು ಮನೆಗೆ ಬಂದು ಇದನ್ನು ಯಾವ ಮಾತಿನಲ್ಲಿ ಹೇಳುತ್ತಾರೆ, ಕನ್ನಡವಾಗಲಿ ಉರ್ದುವಾಗಲಿ ತೆಲುಗಾಗಲಿ, ಅದನ್ನು ಹಾಗೆಯೇ ಬರೆದು ಮುಂದಿನ ಭಾನುವಾರ ತನ್ನಿ. ಬರೆಯಲು ಬಾರದವರು ಬಾಯಲ್ಲಿ ಹೇಳಿ, ನಾನು ಬರೆದುಕೊಳ್ಳುತ್ತೇನೆ. ಐದು ಗಂಟೆಗೆ ಇಲ್ಲಿಯೇ. ರಾತ್ರಿ ಪಾಳಿಯವರು ಬೆಳಿಗ್ಗೆ ಒಂಬತ್ತಕ್ಕೆ ಬಂದರೂ ನಾನು ಇರುತ್ತೇನೆ.